ಅವಳಿಗೇನು ಅಂಗವೈಕಲ್ಯ?

ಪ್ರಶ್ನೆ: ಅಕ್ಕ, ಹುಟ್ಟಿದಾಗ ತಮ್ಮ ಅಂತ ಎತ್ತಿಕೊಂಡ ಮಗು ಈಗ ನನ್ನ ತಂಗಿ. ಟ್ರಾನ್ಸ್ ಮಹಿಳೆ. ಅಂಗವಿಕಲರ ಹಕ್ಕಿನ ಸಭೆಗಳಿಗೂ ಹೋಗ್ತಾಳೆ. ‘ಅವಳಿಗೇನು ಅಂಗವೈಕಲ್ಯ?’ ಅಂತ ನೆಂಟರು ಕೇಳ್ತಾರೆ. ಎರಡನ್ನೂ ಸೇರಿಸಿದರೆ ಅವಳನ್ನು ರೋಗಿ ಅಂದಂತೆ ಆಗಲ್ವಾ?
– ಓದುಗರೊಬ್ಬರು, ಹರಿಹರ

ಉತ್ತರ: ನಿಮ್ಮ ತಂಗಿ ರೋಗಿಯಲ್ಲ, ತಮ್ಮಾ. ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ಆದರೆ ನಿಮ್ಮ ಕೊನೆಯ ಸಾಲು ನನಗೆ ಚುಚ್ಚಿತು. ನಾನು ಚಿಕ್ಕವಳಿದ್ದಾಗ ಪೋಲಿಯೊ ಬಂತು. ಬಲಗಾಲಿಗೆ ಕ್ಯಾಲಿಪರ್ ಇದೆ, ಬೆಲ್ಟ್ ಕಟ್ಟಿ ಕಾಲಿಗೆ ಹಾಕುವ ಆಸರೆ. ನಾನೂ ರೋಗಿಯಲ್ಲ, ಅಲ್ವಾ?

ವರ್ಷಗಳ ಹಿಂದೆ ಅಂಗವೈಕಲ್ಯದ ಸರ್ಟಿಫಿಕೇಟಿಗೆ ಮೆಡಿಕಲ್ ಬೋರ್ಡ್ ಮುಂದೆ ನಿಂತಿದ್ದೆ. ‘ಬೆಲ್ಟ್ ಬಿಚ್ಚಿ ನಡೆದು ತೋರಿಸಮ್ಮ’ ಅಂದರು. ಬಾಗಿಲು ತೆರೆದೇ ಇತ್ತು. ಹೊರಗೆ ಕ್ಯೂನಲ್ಲಿದ್ದವರೆಲ್ಲ ನೋಡುತ್ತಿದ್ದರು. ಒಂದು ಕೈಯಲ್ಲಿ ಸೀರೆ ಎತ್ತಿಕೊಂಡು, ಇನ್ನೊಂದರಲ್ಲಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟೆ. ನಾನು ಶೇಕಡಾ ಎಷ್ಟು ಅಂಗವಿಕಲೆ ಅಂತ ಅವರು ಬರೆದುಕೊಂಡರು.

ಇದನ್ನು ಟ್ರಾನ್ಸ್ ಗೆಳತಿಯೊಬ್ಬಳಿಗೆ ಹೇಳಿದೆ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನಲು ಕೂತಿದ್ದೆವು. ‘ನನಗೂ ಒಂದು ಕಡೆ ಬಟ್ಟೆ ಬಿಚ್ಚು, ಆಮೇಲೆ ಹೆಣ್ಣು ಅಂತ ಬರೀತೀವಿ ಅಂದಿದ್ರು ಕಣೇ’ ಅಂದಳು. ಇಬ್ಬರ ದೋಸೆಯೂ ತಣ್ಣಗಾಯಿತು. ನಿಮ್ಮ ತಂಗಿ ಆ ಸಭೆಗೆ ಹೋಗೋದು ಇದಕ್ಕೇ ಅಂತ ನನಗನಿಸುತ್ತದೆ. ನಮ್ಮ ದೇಹ ಏನು ಅಂತ ನಮಗಿಂತ ಮೊದಲು ಬೇರೆಯವರು ಬರೆಯುತ್ತಾರೆ.

ಟ್ರಾನ್ಸ್ ಜನರ ಹಕ್ಕಿನ ಬಗ್ಗೆ 2014ರಲ್ಲಿ ಬಂದ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲಿಂಗದ ಗುರುತು ಅವರವರೇ ಹೇಳಿಕೊಳ್ಳುವಂಥದ್ದು, ಆಪರೇಷನ್ ಆಗಿರಲೇಬೇಕು ಅನ್ನುವಂತಿಲ್ಲ ಎಂದಿತು. ಅರ್ಜೆಂಟೀನಾ 2012ರಲ್ಲೇ ವೈದ್ಯರ ಚೀಟಿ ಕೇಳದೆ ದಾಖಲೆ ಬದಲಿಸಿಕೊಡುವ ಕಾನೂನು ಮಾಡಿತ್ತು. ಅಮೆರಿಕದ್ದು ಬೇರೆ ಕಥೆ. 1990ರ ಅಂಗವಿಕಲರ ಕಾನೂನು ಟ್ರಾನ್ಸ್ ಜನರನ್ನು ಹೆಸರು ಹಿಡಿದು ಹೊರಗಿಟ್ಟಿತು. ಅದೇ ಪಟ್ಟಿಯಲ್ಲಿ ಕದಿಯುವ ಗೀಳು, ಬೆಂಕಿ ಹಚ್ಚುವ ಗೀಳೂ ಇದ್ದವು! ಆದರೂ ಅಲ್ಲಿನ ಟ್ರಾನ್ಸ್ ಜನ ಆ ಕಾನೂನಿನ ರಕ್ಷಣೆಯನ್ನೇ ಕೇಳಿ ಕೋರ್ಟಿಗೆ ಹೋದರು. ದೇಹಕ್ಕೂ ಗುರುತಿಗೂ ಹೊಂದದೆ ಆಗುವ ತೀವ್ರ ಸಂಕಟಕ್ಕೆ ಆ ರಕ್ಷಣೆ ಸಿಗಬಹುದು ಎಂದು 2022ರಲ್ಲಿ ಒಂದು ಮೇಲ್ಮನವಿ ಕೋರ್ಟ್ ಹೇಳಿತು. ನಮ್ಮಲ್ಲಿ ಆ ದಾರಿ ಹಿಡಿಯಬೇಕಾಗಿಲ್ಲ. ಎರಡಕ್ಕೂ ಬೇರೆಬೇರೆ ಕಾನೂನಿದೆ, ಅಂಗವಿಕಲರಿಗೆ 2016ರದ್ದು, ಟ್ರಾನ್ಸ್ ಜನರಿಗೆ 2019ರದ್ದು. ಆದರೆ ಕಾಲೂ ಸ್ವಾಧೀನವಿಲ್ಲದ ಟ್ರಾನ್ಸ್ ಹುಡುಗಿ ಎರಡು ಕಚೇರಿ ಅಲೆಯಬೇಕು.

ನೆಂಟರಿಗೆ ‘ಛೆ, ಅವಳು ಅಂಗವಿಕಲೆ ಅಲ್ಲಪ್ಪ’ ಅಂದು ಸುಮ್ನಾಗಬೇಡಿ. ಆ ‘ಛೆ’ ನಮ್ಮ ಮೇಲೆ ಬೀಳುತ್ತದೆ. ಮುಂದಿನ ಸಭೆಗೆ ನೀವೂ ಹೋಗಿ. ಹಾಲ್‌ಗೆ ರ್‍ಯಾಂಪ್ ಇದೆಯಾ, ತಂಗಿ ಯಾವ ಶೌಚಾಲಯಕ್ಕೆ ಹೋಗಬಹುದು, ಎರಡನ್ನೂ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.