ಹಳೆಯ ಟ್ಯಾಂಗೋ ಹಾಡುಗಳಲ್ಲಿ ಅಷ್ಟೊಂದು ಬಡತನ, ಮಾಸಿದ ವೈಭವ ಯಾಕೆ?

ಟ್ಯಾಂಗೋ ಎಂಬ ಈ ಹಾಡು-ಕುಣಿತ ಬೆಳೆದದ್ದೇ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಉರುಗ್ವೆಯ ಮಾಂಟೆವಿಡಿಯೊ ನಗರಗಳ ಬಡ ಕೇರಿಗಳಲ್ಲಿ. ಇಟಲಿ, ಸ್ಪೇನ್‌ಗಳಿಂದ ವಲಸೆ ಬಂದವರು ಅಲ್ಲಿ ಕೋಣೆಗೊಂದು ಸಂಸಾರದಂತೆ ತುಂಬಿಕೊಂಡಿದ್ದರು. ನಮ್ಮ ವಠಾರ ನೆನಪಿಸಿಕೊಂಡರೆ ಸಾಕು. ಹಾಡುಗಳಲ್ಲಿ ಈ ವಠಾರದ ಹುಡುಗಿ ಕ್ಯಾಬರೆ ಸೇರುತ್ತಾಳೆ. ರೇಷ್ಮೆ, ಷಾಂಪೇನ್, ದುಡ್ಡಿದ್ದವರ ಸಹವಾಸ. ಆಮೇಲೆ ವಯಸ್ಸಾಗುತ್ತದೆ.

ನನಗೆ ತೀರಾ ಕ್ರೂರ ಅನ್ನಿಸುವುದು 1928ರ 'ಎಸ್ತಾ ನೋಚೆ ಮೆ ಎಂಬೊರ್ರಾಚೊ' (ಈ ರಾತ್ರಿ ಕುಡಿದು ಮತ್ತನಾಗುತ್ತೇನೆ). ಬರೆದವನು ಎನ್ರಿಕೆ ಸಾಂತೋಸ್ ದಿಸೆಪೊಲೊ. ನಸುಕಿನಲ್ಲಿ ಕ್ಯಾಬರೆಯಿಂದ ಒಂಟಿಯಾಗಿ, ಸೊರಗಿ ಹೊರಬರುವ ಹೆಂಗಸನ್ನು ಒಬ್ಬ ನೋಡುತ್ತಾನೆ. ಹತ್ತು ವರ್ಷದ ಹಿಂದೆ ಅವಳಿಗಾಗಿ ಹೆತ್ತ ತಾಯಿಯ ಅನ್ನವನ್ನೂ ಕಸಿದಿದ್ದ ಅವನಿಗೆ ಈಗ ಕುಡಿಯದೆ ಬೇರೆ ದಾರಿ ಕಾಣುವುದಿಲ್ಲ. ಅವಳಿಗೇನನ್ನಿಸಿತು ಎಂದು ಹಾಡು ವಿಚಾರಿಸುವುದೇ ಇಲ್ಲ! ಈ ಹಾಡುಗಳ ವೈಭವ, ಅದರ ಪತನ ಎರಡೂ ಹೆಚ್ಚಾಗಿ ಗಂಡಸಿನ ಕಣ್ಣಿನವು.

1930ರ ಹೊತ್ತಿಗೆ ಅರ್ಜೆಂಟೀನಾದಲ್ಲಿ ಆರ್ಥಿಕ ಕುಸಿತ, ಮಿಲಿಟರಿ ದಂಗೆ ಬಂದವು. ಅದೇ ದಿಸೆಪೊಲೊ 'ಯಿರಾ, ಯಿರಾ' (ಸುತ್ತುತ್ತದೆ, ಸುತ್ತುತ್ತದೆ) ಬರೆದ. ಇಲ್ಲಿ ಪ್ರೇಯಸಿಯ ಗೋಳಿಲ್ಲ. ಚಪ್ಪಲಿ ಸವೆಯುವಷ್ಟು ಅಲೆದು ಕೈ ಖಾಲಿಯಾದವನಿಗೆ ಜಗತ್ತು ತಿರುಗಿಯೂ ನೋಡುವುದಿಲ್ಲ ಎನ್ನುವ ಸಿಟ್ಟಿದೆ. ಅದೂ ಲುನ್ಫಾರ್ದೊ ಎಂಬ ಬ್ಯೂನಸ್ ಐರಿಸ್‌ನ ಬೀದಿಮಾತಿನಲ್ಲಿ.