ಉಳ್ಳಾಗಡ್ಡಿ ರಫ್ತು ನಿಲ್ಲಿಸಿದ್ದು ದಿಲ್ಲಿ, ಧರಣಿ ಮಾತ್ರ ಗದಗಿನಲ್ಲಿ ಯಾಕೆ?

2023ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ ರಫ್ತು ನಿಲ್ಲಿಸಿದ್ದು ಕೇಂದ್ರ, ಹಾಗಿದ್ದರೆ ಬೆಲೆ ಬಿದ್ದಾಗ ಗದಗಿನ ರೈತರು ಡಿಸಿ ಆಫೀಸಿನ ಮುಂದೆ ಕೂರುವುದೇಕೆ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಅಲ್ಲಿಂದ ಕಂಡಷ್ಟು ಹೇಳುತ್ತೇನೆ.

ಮಾಲು ಕೊಳೆಯುತ್ತಿರುವಾಗ ದಿಲ್ಲಿಗೆ ಹೋಗಲು ಯಾರಿಗೆ ಪುರುಸೊತ್ತಿದೆ, ಯಾರ ಹತ್ತಿರ ರೊಕ್ಕ ಇದೆ? ಡಿಸಿ ಕೈಯಲ್ಲಿ ಏನೂ ಇಲ್ಲ ಅಂತ ರೈತರಿಗೂ ಗೊತ್ತು. ಆದರೆ ಡಿಸಿ ಮೂಲಕ ಪ್ರಧಾನಿಗೆ ಮನವಿ ಕೊಟ್ಟರೆ ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಅದನ್ನು ಎಂಪಿ ನೋಡುತ್ತಾರೆ. ಬೇಕಾಗಿದ್ದು ಅದೇ ಅಲ್ವಾ?

ಇನ್ನೊಂದು, ಅಧಿಕಾರ ಒಂದೇ ಕಡೆ ಇಲ್ಲ. ರಫ್ತು, ಸುಂಕ ಕೇಂದ್ರದ್ದು. ಎಪಿಎಂಸಿ ಕಾಯ್ದೆ, ಸೆಸ್ಸು ರಾಜ್ಯದ್ದು. ಸೆಸ್ಸು ಜಾಸ್ತಿ ಆದರೆ ವ್ಯಾಪಾರಸ್ಥರು ಸೀದಾ ಬೆಂಗಳೂರಿಗೆ ಹೋಗುತ್ತಾರೆ, ಬೀದಿಗೆ ಇಳಿಯುವುದು ಕಮ್ಮಿ. ಉಳ್ಳಾಗಡ್ಡಿಗೆ ಎಂಎಸ್‌ಪಿ, ಅಂದರೆ ಸರ್ಕಾರದ ಕನಿಷ್ಠ ಬೆಂಬಲ ಬೆಲೆ ಇಲ್ಲ. ಬೆಲೆ ತೀರಾ ಕುಸಿದಾಗ ಖರೀದಿಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆ, ಆದರೆ ರಾಜ್ಯ ಕೇಳಬೇಕು, ಕೇಂದ್ರ ಒಪ್ಪಬೇಕು. ಹಾಗಾಗಿ ಬೆಂಗಳೂರನ್ನು ಬಿಟ್ಟು ದಿಲ್ಲಿಗೆ ಹೋದರೂ ಕೆಲಸ ಆಗುವುದಿಲ್ಲ.

ಒಂದು ಯೋಜನೆಯನ್ನು ತಡೆಯಬೇಕು ಅನ್ನುವವರ ಲೆಕ್ಕ ಇದಕ್ಕೆ ಉಲ್ಟಾ. ಗೋವಾ ಜೊತೆಗಿನ ಮಹದಾಯಿ ನದಿ ನೀರಿನ ಜಗಳವನ್ನೇ ನೋಡಿ. ನ್ಯಾಯಮಂಡಳಿ ತೀರ್ಪು 2018ರಲ್ಲಿ ಬಂತು, ಅಧಿಸೂಚನೆ 2020ರಲ್ಲಿ. ಅಷ್ಟಾದರೂ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇರೆಯೇ ಬೇಕು. ಆ ನೀರು ಬೇಕು ಅನ್ನುವ ನರಗುಂದದವರು ಎಲ್ಲ ಕಡೆ ಗೆಲ್ಲಬೇಕು, ವಿರೋಧಿಸುವವರಿಗೆ ಎಲ್ಲೋ ಒಂದು ಕಡೆ ಕಡತ ನಿಂತರೆ ಸಾಕು.

ಎಲ್ಲಿಗೆ ಹೋಗಬೇಕು ಅನ್ನುವಷ್ಟೇ ಮುಖ್ಯ, ಎಷ್ಟು ಕೇಳಬೇಕು ಅನ್ನುವುದು. 2023ರ ಆಗಸ್ಟಿನಲ್ಲಿ ಕೇಂದ್ರ ಉಳ್ಳಾಗಡ್ಡಿ ರಫ್ತಿಗೆ ಶೇ 40 ಸುಂಕ ಹಾಕಿತ್ತು. ಚಿಕ್ಕಬಳ್ಳಾಪುರ, ಕೋಲಾರ ಕಡೆ ಬೆಳೆಯುವ ‘ಬೆಂಗಳೂರು ರೋಸ್’ಗೆ ಮಾತ್ರ ಮುಂದಿನ ತಿಂಗಳೇ ವಿನಾಯಿತಿ ಸಿಕ್ಕಿತು. ಸುಂಕವನ್ನೇ ತೆಗೆಯಿರಿ ಅಂತಲ್ಲ, ಈ ಒಂದು ತಳಿ ಬಿಡಿ ಅನ್ನುವಷ್ಟೇ ಬೇಡಿಕೆ. ಅದನ್ನು ನಮ್ಮಲ್ಲಿ ತಿನ್ನುವವರು ಕಮ್ಮಿ, ಹೆಚ್ಚಿನದು ಮಲೇಷ್ಯಾ, ಸಿಂಗಪುರ ಕಡೆ ಹೋಗುತ್ತದೆ. ರಾಜ್ಯದ ತೋಟಗಾರಿಕೆ ಆಯುಕ್ತರ ಸರ್ಟಿಫಿಕೇಟ್ ಇದ್ದರೆ ಕಳಿಸಬಹುದು ಅಂತಾಯಿತು. ನೋಡಿ, ಅಲ್ಲೂ ರಾಜ್ಯದ ಸಹಿ ಬೇಕೇ ಬೇಕು.

ಗದಗಿನ ಗಡ್ಡಿಗೆ ಆ ಅನುಕೂಲ ಇಲ್ಲ. ಅದು ಎಲ್ಲರ ಮನೆಯ ಒಗ್ಗರಣೆಗೆ ಬೀಳುವ ಮಾಲು. ಅದನ್ನು ಹೊರಗೆ ಬಿಟ್ಟರೆ ಪೇಟೆಯಲ್ಲಿ ರೇಟು ಏರುತ್ತದೆ ಅನ್ನುವ ಭಯ ದಿಲ್ಲಿಗೆ ಯಾವಾಗಲೂ ಇದೆ, ಎಲೆಕ್ಷನ್ ಹತ್ತಿರ ಇದ್ದರಂತೂ ಕೇಳಲೇಬೇಡಿ.