ಬ್ರಾಡ್‌ಫರ್ಡ್‌ಗೆ ಹೊರಟಿರುವ ಮಂಡ್ಯದ ತಾಯಿಗೆ, ನಾಟಕದ ಕ್ಲಾಸಿನ ವಿಚಾರ

ನೀವು ಮಂಡ್ಯದಿಂದ ಕೇಳಿದ್ದು ಇಷ್ಟು: ಯಜಮಾನರಿಗೆ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಕೆಲಸ ಸಿಕ್ಕಿದೆ, ವೀಸಾನೂ ಬಂದಿದೆ. ಮಗನಿಗೆ 17, ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಇದ್ದು ಕಲಿಕೆ ನಿಧಾನವಾಗೋ ಸ್ಥಿತಿ. ಊರಲ್ಲಿ ಕುರುಕ್ಷೇತ್ರ ನಾಟಕ ಹಾಕಿದ್ರೆ ಬೆಳಗಿನ ಜಾವದವರೆಗೂ ಕಣ್ಣು ಮುಚ್ಚಲ್ಲ. ಅಲ್ಲಿ ಇಂಥ ಹುಡುಗರಿಗೂ ನಾಟಕದ ವರ್ಕ್‌ಶಾಪ್ ಇರತ್ತಂತಲ್ಲ, ಸೇರಿಸಬಹುದಾ, ಅವನು ಅಲ್ಲಿ ಒಂಟಿಯಾಗಿಬಿಡ್ತಾನಾ ಅಂತ. ನಾವಿರೋದು ಲೀಡ್ಸ್‌ನಲ್ಲಿ, ಬ್ರಾಡ್‌ಫರ್ಡ್‌ಗೆ ಪಕ್ಕದ ಊರು. ಮಗಳಿಗೂ ಡೌನ್ ಸಿಂಡ್ರೋಮ್, ಈಗ 24. ಸದ್ಯ ರಜಕ್ಕೆ ಮೈಸೂರಿಗೆ ಬಂದು ಸರಸ್ವತಿಪುರಂನ ಅಮ್ಮನ ಮನೇಲಿದ್ದೀವಿ, ಪುರುಸೊತ್ತಿದೆ, ಉದ್ದಕ್ಕೇ ಬರೀತೀನಿ.

ಒಂಟಿಯಾಗ್ತಾನೆ, ಮೊದಲ ಚಳಿಗಾಲ ಅಂತೂ ಗ್ಯಾರಂಟಿ. ಮಂಡ್ಯದಲ್ಲಿ ಹಾಲಿನ ಅಂಗಡಿಗೆ ಹೋಗಿ ಬರೋವಷ್ಟರಲ್ಲಿ ನಾಲ್ಕು ಜನ ಮಾತಾಡಿಸ್ತಾರೆ. ಅಲ್ಲಿ ಗೆಳೆಯನ ಮನೆಗೆ ಹೋಗೋಕೂ ಮುಂಚೆ ದಿನ ಗೊತ್ತು ಮಾಡಬೇಕು, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗತ್ತೆ. ಅದಕ್ಕೇ ಪಾತ್ರೆಪಡಗ ಜೋಡಿಸೋ ಮೊದಲು ಕ್ಲಾಸ್ ಹುಡುಕಿ ಅಂತೀನಿ.

ಒಂದು ತಿಳ್ಕೊಂಡಿರಿ, ಅದು ನಮ್ಮ ಕಡೆ ನಾಟಕದ ಥರ ಇರಲ್ಲ. ಡ್ರಾಮಾ ಮೇಷ್ಟ್ರಿಗೆ ದುಡ್ಡು ಕಟ್ಟಿ, ದುರ್ಯೋಧನನ ಪಾರ್ಟು ಹಿಡಿದು, ಹಾರ್ಮೋನಿಯಂ ಜೊತೆ ತಿಂಗಳಾನುಗಟ್ಟಲೆ ಬಾಯಿಪಾಠ ಮಾಡೋದು ಅಲ್ಲಿಲ್ಲ. ಸ್ಟೇಜ್ ಹತ್ತೋದು ಕೆಲವು ಗುಂಪುಗಳಲ್ಲಿ ವರ್ಷಕ್ಕೊಮ್ಮೆ, ಕೆಲವು ಕಡೆ ಇಲ್ಲವೇ ಇಲ್ಲ. ಮಗಳ ಗುಂಪಿನಲ್ಲಿ ಮೊದಲು ಎಲ್ಲರೂ ಸುತ್ತ ಕೂತು, ತಮ್ಮ ಹೆಸರು ಹೇಳಿ ಮೈಯಲ್ಲಿ ಏನಾದರೊಂದು ಮಾಡಿ ತೋರಿಸ್ತಾರೆ, ಉಳಿದವರು ಅದನ್ನೇ ಮಾಡ್ತಾರೆ. ಟ್ಯೂಬ್‌ಲೈಟ್ ಆರಿಸಿರ್ತಾರೆ, ಅದರ ಗುಂಯ್ ಸದ್ದು ಕೆಲವರಿಗೆ ತಡೆಯೋಕಾಗಲ್ಲ. ಇವತ್ತು ಏನೇನು ಅನ್ನೋದು ಗೋಡೆ ಮೇಲೆ ಚಿತ್ರಗಳಲ್ಲಿ ಇರತ್ತೆ, ಒಂದೊಂದು ಮುಗಿದ ಹಾಗೆಲ್ಲ ಒಂದೊಂದು ಚಿತ್ರ ತೆಗೀತಾರೆ. ಗಾಲಿಕುರ್ಚಿಯ ಒಬ್ಬ ಹುಡುಗನಿಗೆ ಮಾತಿಲ್ಲ. ಅವನ ತೊಡೆ ಮೇಲೆ ತಟ್ಟೆಯಷ್ಟು ಅಗಲದ, ಒತ್ತಿದರೆ ಮಾತಾಡೋ ಬಟನ್. ಅದರಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಡೈಲಾಗನ್ನು ಸರಿಯಾದ ಹೊತ್ತಿಗೆ ಒತ್ತಬೇಕು. ಬೇಕಂತಲೇ ತಡ ಮಾಡಿ ಒತ್ತಿ ಎಲ್ಲರನ್ನೂ ನಗಿಸ್ತಾನೆ, ಆ ಟೈಮಿಂಗ್ ಯಾವ ಮೇಷ್ಟ್ರೂ ಹೇಳಿಕೊಟ್ಟಿದ್ದಲ್ಲ. ಇನ್ನೊಬ್ಬ ಹುಡುಗಿ ಕಿವಿಗೆ ಸದ್ದು ತಡೆಯೋ ಹೆಡ್‌ಫೋನ್ ಹಾಕ್ಕೊಂಡು ವಾರಗಟ್ಟಲೆ ಮೇಜಿನ ಕೆಳಗೇ ಕೂತಿದ್ದಳು. ಯಾರೂ ಎಳೆದು ತರಲಿಲ್ಲ, ಮೇಜನ್ನೇ ಗುಹೆ ಮಾಡಿ ಕಥೆ ಕಟ್ಟಿದರು.

ಇದನ್ನೆಲ್ಲ ನೀವು ನೋಡೋದು ಮೊದಲ ದಿನ ಮಾತ್ರ. ಆಮೇಲೆ ಅಪ್ಪ ಅಮ್ಮನನ್ನು ಹೊರಗೆ ಕಳಿಸ್ತಾರೆ. ನನಗೆ ಅದೇ ಕಷ್ಟವಾಗಿದ್ದು. ಇಂಗ್ಲೆಂಡ್‌ನಲ್ಲಿ 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಅನ್ನೋ ಕಾನೂನಿನ ಪ್ರಕಾರ 16 ತುಂಬಿದವರಿಗೆ ತಮ್ಮ ವಿಷಯ ತಾವೇ ತೀರ್ಮಾನಿಸೋ ಶಕ್ತಿ ಇದೆ ಅಂತಲೇ ಮೊದಲು ಎಣಿಸಬೇಕು. ಇಲ್ಲ ಅನ್ನೋರು ಅದನ್ನು ತೋರಿಸಿಕೊಡಬೇಕು. ಹಾಗಾಗಿ ಪ್ರಶ್ನೆ ಬರೋದು ನಿಮ್ಮ ಮಗನಿಗೆ, ‘ನಿನಗೆ ಇಷ್ಟಾನಾ?’ ಅಂತ. ನೀವು ಬಾಯಿ ಹಾಕಬೇಡಿ. ಉತ್ತರ ಬರೋಕೆ ಹೊತ್ತು ಹಿಡಿದರೂ ಅವರು ಕಾಯ್ತಾರೆ, ನಮಗೇ ಕಾದು ಅಭ್ಯಾಸವಿಲ್ಲ.

ಎಲ್ಲಾ ಕ್ಲಾಸೂ ಚೆನ್ನಾಗಿರತ್ತೆ ಅಂತಲ್ಲ. ಇಪ್ಪತ್ತು ದಾಟಿದವರಿಗೆ ಬಣ್ಣದ ಟೋಪಿ ಹಾಕಿ, ಶಿಶುಗೀತೆ ಹಚ್ಚಿ ಕುಣಿಸೋರೂ ಇದ್ದಾರೆ. ಅಂಥದ್ದು ಕಂಡರೆ ವಾಪಸ್ ಬಂದುಬಿಡಿ. ಹೇಳಿಕೊಡೋರಲ್ಲಿ ಅಂಗವಿಕಲರು ಯಾರಾದರೂ ಇದ್ದಾರಾ, ದೊಡ್ಡವರ ಸಿಟ್ಟು, ಪ್ರೀತಿ, ಜಗಳ ಕಥೆಯಲ್ಲಿ ಬರತ್ತಾ ಅಂತ ನೋಡಿ. ಮಗ ಮನೆಗೆ ಬಂದು ‘ನನಗೊಬ್ಬಳು ಹುಡುಗಿ ಇದ್ದಾಳೆ’ ಅಂದರೆ ಗಾಬರಿಯಾಗಬೇಡಿ.

ದುಡ್ಡಿನ ವಿಷಯ. ನಿಮ್ಮ ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’, ಅಂದರೆ ಸರ್ಕಾರದ ಸಹಾಯಧನ ಪಡೆಯೋ ಹಾಗಿಲ್ಲ ಅಂತ ಇದ್ದರೆ ಪಿಐಪಿ (ಅಂಗವಿಕಲರ ಭತ್ಯೆ), ಕೇರರ್ಸ್ ಅಲೋಯನ್ಸ್ (ಅವರನ್ನು ನೋಡಿಕೊಳ್ಳೋರ ಭತ್ಯೆ) ಇವಕ್ಕೆ ಅರ್ಜಿ ಹಾಕಲೇಬೇಡಿ, ಮುಂದೆ ವೀಸಾಗೇ ತೊಂದರೆ. ಕ್ಲಾಸಿನ ಫೀಸು ಕೈಯಿಂದಲೇ ಹೋಗತ್ತೆ ಅಂದ್ಕೊಳ್ಳಿ. ಓದು ಮಾತ್ರ ಆ ಪಟ್ಟಿಗೆ ಸೇರಲ್ಲ. ವಿಶೇಷ ಅಗತ್ಯ ಇರೋರಿಗೆ ಇಎಚ್‌ಸಿಪಿ ಅಂತ ಓದು, ಆರೋಗ್ಯ, ಆರೈಕೆಗೆ ಏನೇನು ಬೇಕು ಅಂತ ಬರೆದು ಕೊಡೋ ಯೋಜನೆ ಇದೆ, 25 ವರ್ಷದವರೆಗೂ ಮುಂದುವರಿಯಬಹುದು, ಅದಕ್ಕೆ ಕೌನ್ಸಿಲ್‌ಗೆ, ಅಂದರೆ ಊರಿನ ಸ್ಥಳೀಯ ಆಡಳಿತಕ್ಕೆ, ಬರೆದು ಕೇಳಬೇಕು. ನಿಮ್ಮ ಮಗನ ವಯಸ್ಸಿಗೆ ಕೇಳೋ ಹಕ್ಕು ಅವನದೇ, ಅವನು ಒಪ್ಪಿದರೆ ಅವನ ಪರವಾಗಿ ನೀವು ಬರೆಯಬಹುದು. ಯೋಜನೆ ಕೊಡೋಕೆ ಕಾನೂನಿನಲ್ಲಿ 20 ವಾರದ ಗಡುವು, ಅದು ಮೀರೋದು ಮಾಮೂಲು. ಹೋದ ತಕ್ಷಣ ಬರೀರಿ.

ನಿಮ್ಮ ಅದೃಷ್ಟಕ್ಕೆ ಬ್ರಾಡ್‌ಫರ್ಡ್‌ನಲ್ಲೇ ‘ಮೈಂಡ್ ದ ಗ್ಯಾಪ್’ ಇದೆ. ಬುದ್ಧಿಮಾಂದ್ಯ ಅಂತ ನಮ್ಮಲ್ಲಿ ಪಕ್ಕಕ್ಕೆ ಕೂರಿಸೋರನ್ನೇ ನಟರಾಗಿ ಇಟ್ಕೊಂಡು 1988ರಿಂದ ನಾಟಕ ಮಾಡ್ತಿರೋ ಕಂಪನಿ ಅದು. ಅಲ್ಲೇ ಸೇರಬೇಕು ಅಂತಿಲ್ಲ, ಒಂದು ನಾಟಕ ತೋರಿಸಿ ಸಾಕು. ವಿಂಚೆಸ್ಟರ್‌ನ ಬ್ಲೂ ಆಪಲ್ ನಾಟಕ ತಂಡದಲ್ಲಿ ಟಾಮಿ ಜೆಸಪ್ ಅನ್ನೋ ಡೌನ್ ಸಿಂಡ್ರೋಮ್ ಇರೋ ನಟ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಪಾರ್ಟು ಮಾಡಿದ್ದಾನೆ. ಯಜಮಾನರಿಗೆ ಅನುಮಾನ ಇದ್ದರೆ ಆತನ ವಿಡಿಯೋ ತೋರಿಸಿ. ‘ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್’ ಅಂತ ಬೋರ್ಡ್ ಇರೋ ಆಟಕ್ಕೇ ಹೋಗಿ. ಪೂರ್ತಿ ಕತ್ತಲೆ ಮಾಡಲ್ಲ, ಎದ್ದು ಓಡಾಡಬಹುದು, ಜೋರಾಗಿ ನಕ್ಕರೂ ಯಾರೂ ತಿರುಗಿ ನೋಡಲ್ಲ. ಮೊನ್ನೆ ಇಲ್ಲಿ ಮೈಸೂರಿನ ಒಂದು ರಂಗಮಂದಿರದಲ್ಲಿ ಮಗಳು ನಕ್ಕಿದ್ದಕ್ಕೆ ಮುಂದಿನ ಸಾಲು ಪೂರ್ತಿ ತಿರುಗಿತ್ತು.

ಹೊರಡೋ ಮುಂಚೆ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ತೋರಿಸಿದ್ದರೆ ಆ ರಿಪೋರ್ಟೆಲ್ಲ ಕೈಚೀಲದಲ್ಲೇ ಇಟ್ಕೊಳ್ಳಿ, ಕೌನ್ಸಿಲ್‌ನವರು ಕೇಳ್ತಾರೆ. ಒಂದು ಹಾಳೇಲಿ ಮಗನ ಮಾತುಗಳನ್ನು ಬರೆದಿಡಿ: ‘ಬ್ಯಾಡ’, ‘ಸಾಕು’, ‘ಉಚ್ಚೆ’, ‘ತಲೆ ನೋವು’. ಎದುರಿಗೆ ಇಂಗ್ಲಿಷಿನಲ್ಲಿ ಅರ್ಥ, ಬೇಡ ಅಂದಾಗ ಮುಖ ಹೇಗೆ ಮಾಡ್ತಾನೆ ಅನ್ನೋದೂ ಇರಲಿ. ಗಾಬರಿಯಾದಾಗ ಅವನ ಬಾಯಿಗೆ ಬರೋದು ಕನ್ನಡವೇ, ಹೇಳಿಕೊಡೋರಿಗೆ ಅದು ತಿಳಿದಿರಬೇಕು. ಆಮೇಲೆ ಒಂದು ಭಾನುವಾರ ಮೈಸೂರಿನ ರಂಗಾಯಣದ ಭೂಮಿಗೀತ ರಂಗಮಂದಿರಕ್ಕೆ ನಾಟಕ ನೋಡೋಕೆ ಬನ್ನಿ, ಕತ್ತಲಲ್ಲಿ ಕೂರೋ ಅಭ್ಯಾಸ ಆಗತ್ತೆ. ಮಗಳನ್ನೂ ಕರ್ಕೊಂಡು ಬರ್ತೀನಿ. ಅವನಿಗೆ ಏನು ಕೇಳಬೇಕೋ ಅವಳನ್ನೇ ಕೇಳಲಿ, ನಾವಿಬ್ಬರೂ ಹೊರಗೆ ಟೀ ಕುಡೀತಾ ಇರೋಣ.